ಪ್ರಸಂಗಕ್ಕೆ ಸಿದ್ಧಮಾಡಿಕೊಳ್ಳುವದು ಅಪನಂಬಿಕೆಯೋ?



ನಮ್ಮ ಹಳ್ಳಿಯ ಸಭೆಗಳಲ್ಲಿ ಆಗಾಗ್ಗೆ ಕೇಳಬರುವ ಮಾತೊಂದುಂಟು. ಅದೇನಂದರೆ, "ಆತ್ಮನಿಂದ ತುಂಬಿದವನಿಗೆ ಕಾಗದವೇಕೆ, ಕ್ರಮವೇಕೆ? ಅವನು ನಿಂತು ಬಾಯಿ ತೆರೆದರೆ ಕರ್ತನೇ ಮಾತು ಕೊಡುವನಲ್ಲವೇ?" ಎಂಬದೇ. ಈ ಮಾತನ್ನು ಆಡುವವರೆಲ್ಲರೂ ಭಕ್ತಿಹೀನರಲ್ಲ. ಅವರಲ್ಲಿ ಅನೇಕರು ಪ್ರಾರ್ಥನೆಯಲ್ಲಿ ನಮಗಿಂತ ಮುಂದಾದವರು. ಆದರೆ ಅವರ ಮರೆಯಲ್ಲಿ ಇನ್ನೊಂದು ಗುಂಪಿನವರೂ ನಿಂತಿರುವರು. ಅವರು ಸೋಮಾರಿತನಕ್ಕೆ ಭಕ್ತಿಯ ಅಂಗಿಯನ್ನು ತೊಡಿಸುವವರು. ಇಬ್ಬರ ಮಾತು ಒಂದೇ ಆದರೂ ಇಬ್ಬರ ಹೃದಯವು ಒಂದೇ ಅಲ್ಲ. ಆದದರಿಂದ ಈ ಮಾತನ್ನು ದೇವರ ವಾಕ್ಯದ ಬೆಳಕಿನಲ್ಲಿಟ್ಟು ವಿಚಾರಿಸುವದು ಒಳ್ಳೇದು.

ಇದು ಉಪದೇಶಿಗಳಿಗೆ ಮಾತ್ರ ಸೇರಿದ ವಿಷಯವೆಂದು ಯಾರೂ ತಿಳಿಯಬಾರದು. ಸಭಾಪಾಲಕರು ತಿಂಗಳಿಗೆ ಒಂದೆರಡು ಸಾರಿ ಮಾತ್ರ ಬರಲಾಗುವ ಊರುಗಳಲ್ಲಿ ಹಿರಿಯರೂ ಶಾಲೆಯ ಉಪಾಧ್ಯಾಯರೂ ಸ್ತ್ರೀಸಮಾಜದ ಅಕ್ಕಂದಿರೂ ಆರಾಧನೆಯನ್ನು ನಡಿಸುತ್ತಾರೆ. ನಡಿಸದವರು ಕೇಳುತ್ತಾರೆ. ಕೇಳುವವನಿಗೂ ಈ ವಿಚಾರದಲ್ಲಿ ಪಾಲುಂಟು.

1. ಕರ್ತನ ಮಾತಿನ ತಾತ್ಪರ್ಯವೇನು?

ಸಿದ್ಧತೆ ಬೇಡವೆನ್ನುವವರು ತೋರಿಸುವ ಮುಖ್ಯ ವಚನವು ಮತ್ತಾಯನ ಸುವಾರ್ತೆಯ 10ನೆಯ ಅಧ್ಯಾಯದ 19ನೆಯದು. ಏನು ಮಾತಾಡಬೇಕೆಂದು ಚಿಂತೆಮಾಡಬೇಡಿರಿ, ಆ ಗಳಿಗೆಯಲ್ಲಿ ಅದು ನಿಮಗೆ ದೊರೆಯುವದು ಎಂಬದು ಅಲ್ಲಿನ ತಾತ್ಪರ್ಯ. ಅದು ಸತ್ಯವಾದ ವಾಗ್ದಾನವೇ. ಆದರೆ ಅದು ಯಾರಿಗೆ ಕೊಡಲ್ಪಟ್ಟಿತು? ಹಿಡಿಯಲ್ಪಟ್ಟು ಅಧಿಕಾರಿಗಳ ಮುಂದೆಯೂ ಅರಸುಗಳ ಮುಂದೆಯೂ ಎಳೆಯಲ್ಪಡುವ ಶಿಷ್ಯರಿಗೆ. ಸೆರೆಯವನಿಗೆ ಪುಸ್ತಕವಿಲ್ಲ, ದೀಪವಿಲ್ಲ, ಸಮಯವಿಲ್ಲ. ಅಂಥವನನ್ನು ತಂದೆಯು ಕೈಬಿಡುವದಿಲ್ಲ. ಸೋಮವಾರದಿಂದ ಶನಿವಾರದ ವರೆಗೆ ಆರು ದಿನಗಳನ್ನು ಕೈಯಲ್ಲಿ ಹಿಡಿದುಕೊಂಡಿರುವವನು ಸೆರೆಯವನ ವಾಗ್ದಾನವನ್ನು ತನ್ನ ಸೋಮಾರಿತನಕ್ಕೆ ಹೊದಿಕೆಯಾಗಿ ಹೊದ್ದುಕೊಳ್ಳುವದು ನ್ಯಾಯವೋ?

ಈ ಪ್ರಶ್ನೆಯು ಹೊಸದಲ್ಲ. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪನಾಗಿದ್ದ ಅಗಸ್ಟಿನನು ಸತ್ಯವೇದವನ್ನು ಅರಿತು ಕಲಿಸುವದರ ವಿಷಯವಾಗಿ ಒಂದು ಗ್ರಂಥವನ್ನು ಬರೆದನು. ಅದರ ನಾಲ್ಕನೆಯ ಹಾಗೂ ಕಡೆಯ ಭಾಗವನ್ನು 426ರ ಸುಮಾರಿಗೆ ಮುಗಿಸಿದನು. ಅವನು ಮೊದಲು ವಾಕ್ಚಾತುರ್ಯವನ್ನೇ ಕಲಿಸುವ ಉಪಾಧ್ಯಾಯನಾಗಿದ್ದವನು. ಮಾತಿನ ಬಲವನ್ನೂ ಅದರ ಪೊಳ್ಳನ್ನೂ ಅರಿತವನು. ಅವನು ಇದೇ ವಚನವನ್ನು ಎತ್ತಿಕೊಂಡು ಕೊಡುವ ಉತ್ತರದ ಸಾರವು ಹೀಗಿದೆ: ಆತ್ಮನು ಕಲಿಸುವದರಿಂದ ಮನುಷ್ಯನು ಕಲಿಯುವದೂ ಕಲಿಸುವದೂ ಬೇಡವೆಂದರೆ, ಬೇಡಿಕೊಳ್ಳುವದಕ್ಕೆ ಮುಂಚೆಯೇ ನಮ್ಮ ಅಗತ್ಯಗಳನ್ನು ತಂದೆಯು ಬಲ್ಲನಾದದರಿಂದ ಪ್ರಾರ್ಥನೆಯೂ ಬೇಡವೆನ್ನಬೇಕಾಗುವದು; ಪೌಲನು ತಿಮೊಥೆಯನಿಗೂ ತೀತನಿಗೂ ಏನನ್ನು ಹೇಗೆ ಕಲಿಸಬೇಕೆಂದು ಬರೆದದ್ದೂ ವ್ಯರ್ಥವೆನ್ನಬೇಕಾಗುವದು. ಔಷಧವು ದೇವರ ಚಿತ್ತವಿಲ್ಲದೆ ಗುಣಮಾಡಲಾರದು. ಆದರೂ ಔಷಧವನ್ನು ಕೊಡುತ್ತೇವೆ. ಹಾಗೆಯೇ ಬೋಧನೆಯು ಸಹ. ಆದರೆ ಅದೇ ಅಗಸ್ಟಿನನು ಪ್ರಸಂಗಿಯು ಬಾಯಿ ತೆರೆಯುವದಕ್ಕೆ ಮುಂಚೆ ಪ್ರಾರ್ಥಿಸಬೇಕೆಂದೂ, ಮಾತುಗಾರನಾಗುವದಕ್ಕಿಂತ ಮೊದಲು ಪ್ರಾರ್ಥನೆಗಾರನಾಗಬೇಕೆಂದೂ ಅಲ್ಲಿಯೇ ಕಲಿಸುತ್ತಾನೆ. ಅವನು ಎರಡರಲ್ಲಿ ಒಂದನ್ನೂ ಬಿಡಲಿಲ್ಲ.

2. ಸತ್ಯವೇದದಲ್ಲಿ ಸಿದ್ಧರಾದವರು

ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಜನರೆಲ್ಲರೂ ಬಾಗಿಲ ಮುಂದಣ ಬಯಲಿನಲ್ಲಿ ಕೂಡಿಬಂದರು. ಎಜ್ರನು ಮುಂಜಾನೆಯಿಂದ ಮಧ್ಯಾಹ್ನದ ವರೆಗೆ ಧರ್ಮಶಾಸ್ತ್ರವನ್ನು ಓದಿದನು. ಅವನು ನಿಂತದ್ದು ಆ ಕಾರ್ಯಕ್ಕಾಗಿಯೇ ಮಾಡಿಸಲ್ಪಟ್ಟಿದ್ದ ಮರದ ಪೀಠದ ಮೇಲೆ. ಲೇವಿಯರು ಓದಿದ್ದನ್ನು ಬಿಡಿಸಿ ಜನರಿಗೆ ಅರ್ಥವಾಗುವಂತೆ ತಿಳಿಸಿದರು. ಜನರು ಅತ್ತರು, ಆ ಮೇಲೆ ಸಂತೋಷಪಟ್ಟರು. ಆ ಕಣ್ಣೀರು ಆತ್ಮನ ಕಾರ್ಯವಲ್ಲವೆಂದು ಯಾರು ಹೇಳಾರು? ಆದರೂ ಬಡಗಿಯು ಮೊದಲೇ ಹಲಿಗೆಗಳನ್ನು ಜೋಡಿಸಿದ್ದನು. ಲೇವಿಯರು ಅರ್ಥವನ್ನು ಮೊದಲೇ ಕಲಿತಿದ್ದರು. ಎಜ್ರನ ವಿಷಯದಲ್ಲಿಯಾದರೋ ಅವನು ಕರ್ತನ ಧರ್ಮಶಾಸ್ತ್ರವನ್ನು ಹುಡುಕುವದಕ್ಕೂ ಅದರಂತೆ ನಡೆಯುವದಕ್ಕೂ ಅದನ್ನು ಕಲಿಸುವದಕ್ಕೂ ಮನಸ್ಸಿಟ್ಟವನೆಂದು ಅವನ ಗ್ರಂಥದ 7ನೆಯ ಅಧ್ಯಾಯದಲ್ಲಿ ಬರೆದದೆ. ಈ ಮೂರರ ಕ್ರಮವನ್ನು ಗಮನಿಸಿರಿ. ಕಲಿಸುವದು ಮೂರನೆಯದು.

"ಪಂಚಾಶತ್ತಮ ದಿನದಲ್ಲಿ ಪೇತ್ರನು ಸಿದ್ಧಮಾಡಿಕೊಂಡಿದ್ದನೋ?" ಎಂದು ಕೆಲವರು ಕೇಳುವರು. ಆ ದಿನ ಅವನಿಗೆ ಬರೆಯುವ ಸಮಯವಿರಲಿಲ್ಲ, ನಿಜ. ಆದರೆ ಅವನ ಬಾಯಿಂದ ಹೊರಟದ್ದು ಯೋವೇಲನ ಪ್ರವಾದನೆ, ದಾವೀದನ ಕೀರ್ತನೆಗಳು. ಅವು ಆ ದಿನ ಆಕಾಶದಿಂದ ಹೊಸದಾಗಿ ಬೀಳಲಿಲ್ಲ. ಆತ್ಮನು ಕಣಜದ ಬಾಗಿಲನ್ನು ತೆರೆದನು. ಕಣಜದಲ್ಲಿ ಕಾಳು ಇತ್ತು. ಬರಿದಾದ ಕಣಜದ ಬಾಗಿಲನ್ನು ತೆರೆದರೆ ಇಲಿಯ ಸದ್ದು ಮಾತ್ರ ಕೇಳುವದು.

ಸೊಲೊಮೋನನ ದೇವಾಲಯದ ಸಂಗತಿಯನ್ನೂ ನೆನಸೋಣ. ಅದರ ಕಲ್ಲುಗಳು ಗಣಿಯಲ್ಲಿಯೇ ಸಿದ್ಧಮಾಡಲ್ಪಟ್ಟದ್ದರಿಂದ, ಆಲಯವು ಕಟ್ಟಲ್ಪಡುವಾಗ ಸುತ್ತಿಗೆಯ ಸದ್ದಾಗಲಿ ಕೊಡಲಿಯ ಸದ್ದಾಗಲಿ ಕೇಳಬರಲಿಲ್ಲವೆಂದು ಅರಸುಗಳ ಮೊದಲನೆಯ ಗ್ರಂಥದ 6ನೆಯ ಅಧ್ಯಾಯವು ತಿಳಿಸುತ್ತದೆ. ಆದಿತ್ಯವಾರದಲ್ಲಿ ಹಾಡನ್ನು ಹುಡುಕುವದು, ವಚನ ಸಿಕ್ಕದೆ ಹಾಳೆಗಳನ್ನು ತಿರುವುವದು, ಓದತಕ್ಕವನು ಯಾರೆಂದು ಸನ್ನೆಮಾಡುವದು, ಇವೆಲ್ಲವೂ ದೇವಾಲಯದೊಳಗೆ ಸುತ್ತಿಗೆ ಬಡಿಯುವದೇ. ಆ ಸದ್ದು ಗಣಿಯಲ್ಲಿ, ಅಂದರೆ ವಾರದ ದಿನಗಳಲ್ಲಿ, ಮುಗಿಯಬೇಕು.

3. ನೇಗಿಲೂ ಮಳೆಯೂ

ಒಕ್ಕಲುತನ ಮಾಡುವ ನಮ್ಮ ಜನರಿಗೆ ಈ ಸತ್ಯವು ಹೊಲದಲ್ಲಿಯೇ ಬರೆದಿದೆ. ಮಳೆಯನ್ನು ತರಿಸುವ ಶಕ್ತಿ ಯಾವ ರೈತನಿಗೂ ಇಲ್ಲ. ಹಾಗೆಂದು ಅವನು ನೇಗಿಲನ್ನು ಅಟ್ಟದ ಮೇಲಿಟ್ಟು ಮಲಗುವದಿಲ್ಲ. ಮಾಗಿಯ ಉಳುಮೆ ಮಾಡುತ್ತಾನೆ, ಕುಂಟೆ ಹೊಡೆಯುತ್ತಾನೆ, ಬೀಜವನ್ನು ಹಸನುಮಾಡಿ ಇಡುತ್ತಾನೆ. ಆ ಮೇಲೆ ಮೋಡವನ್ನು ನೋಡುತ್ತಾನೆ. ಉತ್ತ ಹೊಲದ ಮೇಲೆ ಬಿದ್ದ ಮಳೆಯು ಒಳಗೆ ಇಳಿಯುವದು. ಉಳದ ಗಟ್ಟಿನೆಲದ ಮೇಲೆ ಬಿದ್ದ ಮಳೆಯು ಹರಿದು ಹಳ್ಳಕ್ಕೆ ಹೋಗುವದು. ಮಳೆಯು ಎರಡರ ಮೇಲೆಯೂ ಒಂದೇ. ಉಳುವದು ಮಳೆಯ ಮೇಲಣ ಅಪನಂಬಿಕೆಯಲ್ಲ. ಮಳೆ ಬರುವದೆಂದು ನಂಬುವವನೇ ಉಳುವನು.

ಉತ್ತಿದ್ದೇನೆಂದು ಉಬ್ಬುವದಕ್ಕೂ ಅವನಿಗೆ ಎಡೆಯಿಲ್ಲ. ತಾನು ನೆಟ್ಟನು, ಅಪೊಲ್ಲೋಸನು ನೀರು ಹೊಯಿದನು, ಬೆಳೆಸಿದಾತನು ದೇವರೇ ಎಂಬದಾಗಿ ಪೌಲನು ಕೊರಿಂಥದವರಿಗೆ ಬರೆದದ್ದು ಪ್ರಸಂಗಿಗಳ ಮನಸ್ಸಿನಲ್ಲಿ ಯಾವಾಗಲೂ ಇರಬೇಕಾದದ್ದು.

ನಮ್ಮ ನಾಡಿನಲ್ಲಿ ದುಡಿದವರೂ ಹೀಗೆಯೇ ಉತ್ತರು. 1853ರಲ್ಲಿ ಬಾಸೆಲ್ ಮಿಶನಿನಿಂದ ಬಂದ ಫರ್ಡಿನಂಡ್ ಕಿಟ್ಟೆಲರು ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿಟ್ಟು 1862ರಲ್ಲಿ ಕಥಾಮಾಲೆಯನ್ನು ಹೊರಡಿಸಿದರು; ಅವರ ದೊಡ್ಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಬಂದ ವರುಷಕ್ಕೂ ನಿಘಂಟಿನ ವರುಷಕ್ಕೂ ನಡುವೆ 41 ವರುಷಗಳು. ಕೇಳುವವರ ಮಾತನ್ನು ಕಲಿಯುವದಕ್ಕೆ ಅಂಥ ವಿದ್ವಾಂಸರೇ ಅಷ್ಟು ಶ್ರಮಪಟ್ಟ ಮೇಲೆ, ತಾಯಿಯ ಹಾಲಿನೊಂದಿಗೆ ಕನ್ನಡವನ್ನು ಕುಡಿದ ನಾವು ಸರಿಯಾದ ಒಂದು ಮಾತನ್ನು ಹುಡುಕುವದಕ್ಕೆ ಬೇಸರಪಡುವದು ಯೋಗ್ಯವಲ್ಲ.

4. ಸಿದ್ಧತೆಯು ಪ್ರೀತಿಯ ಸಾಲ

ಇಷ್ಟರ ವರೆಗೆ ಸಿದ್ಧತೆಯು ತಪ್ಪಲ್ಲವೆಂದು ಕಂಡೆವು. ಆದರೆ ಅದು ತಪ್ಪಲ್ಲವೆಂಬದು ಸಾಲದು. ಅದು ನಾವು ತೀರಿಸತಕ್ಕ ಸಾಲವಾಗಿದೆ. ಹೇಗಂದರೆ, ನಾಲ್ವತ್ತು ಮಂದಿಯ ಒಂದು ಚಿಕ್ಕ ಸಭೆಯನ್ನು ಎಣಿಸಿಕೊಳ್ಳಿರಿ. ಅವರು ಒಂದು ತಾಸು ಕೂತು ಕೇಳಿದರೆ ಒಟ್ಟಿಗೆ 40 ತಾಸುಗಳು. ಎಂಟು ತಾಸಿನ ದುಡಿತದಂತೆ ಲೆಕ್ಕಹಾಕಿದರೆ ಅದು ಐದು ಆಳುಗಳ ದಿನದ ಕೆಲಸ. ವಾರವೆಲ್ಲಾ ಬಿಸಿಲಿನಲ್ಲಿ ಬಗ್ಗಿ ಕಳೆ ಕಿತ್ತ ತಾಯಿಯು ಹೊತ್ತಿಗೆ ಮುಂಚೆ ಎದ್ದು, ರೊಟ್ಟಿ ಬಡಿದು, ಮಕ್ಕಳಿಗೆ ತಲೆಬಾಚಿ, ಎರಡು ಮೈಲು ನಡೆದು ಬಂದು ಕೂತಿದ್ದಾಳೆ. ಅವಳಿಗೆ ಓದು ಬಾರದು. ಸತ್ಯವೇದವು ಅವಳಿಗೆ ದೊರೆಯುವದು ಕಿವಿಯಿಂದಲೇ. ಆ ವಾರಕ್ಕೆ ಅವಳ ಆತ್ಮಕ್ಕೆ ಸಿಕ್ಕುವ ಬುತ್ತಿಯು ಅದೊಂದೇ ಆಗಿರಬಹುದು. ಅಂಥವಳ ಮುಂದೆ ನಿಂತು, ಹೋದ ವಾರ ಹೇಳಿದ್ದನ್ನೇ ಕೂಗಿ ಹೇಳಿ, ನಡುವೆ ನಾಲ್ಕು ಸಾರಿ "ಹಲ್ಲೆಲೂಯ" ಎಂದು ತುಂಬಿಸಿ ಕಳುಹಿಸಿದರೆ, ಅದು ಕೂಲಿಯನ್ನು ಹಿಡಿದುಕೊಂಡ ದಣಿಯ ಕೆಲಸಕ್ಕೆ ಸಮಾನವಲ್ಲವೇ?

ದೇವರ ಕಡೆಯಿಂದ ನೋಡಿದರೂ ಹಾಗೆಯೇ. ಅರೌನನು ತನ್ನ ಕಣವನ್ನೂ ಎತ್ತುಗಳನ್ನೂ ಉಚಿತವಾಗಿ ಕೊಡುತ್ತೇನೆಂದಾಗ ದಾವೀದನು ತೆಗೆದುಕೊಳ್ಳಲಿಲ್ಲ. ತನಗೆ ಖರ್ಚಿಲ್ಲದೆ ಸಿಕ್ಕಿದ್ದನ್ನು ಕರ್ತನಿಗೆ ಅರ್ಪಿಸಲೊಲ್ಲೆನೆಂದನು. ಕುರುಡಾದದ್ದನ್ನೂ ಕುಂಟಾದದ್ದನ್ನೂ ಯಜ್ಞವೇದಿಗೆ ತರುವವರನ್ನು ಕರ್ತನು ಮಲಾಕಿಯನ ಮೂಲಕ ಗದರಿಸಿದನು. ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವು ದೊರೆಯುತ್ತದೆ. ಅಪನಂಬಿಕೆಯು ಸಿದ್ಧತೆಯಲ್ಲಿಲ್ಲ. ದೇವರು ಆದಿತ್ಯವಾರದಲ್ಲಿ ಮಾತ್ರ ಮಾತಾಡುವನು, ಬುಧವಾರ ರಾತ್ರಿ ನಮ್ಮ ಚಿಕ್ಕ ದೀಪದ ಬಳಿಗೆ ಬರುವದಿಲ್ಲ ಎಂದು ನೆನಸುವದೇ ಅಪನಂಬಿಕೆ.

5. ಒಂದು ವಾರದ ಮಾದರಿ

ಬರಿಯ ಮಾತು ಸಾಲದೆಂದು ಒಂದು ದೃಷ್ಟಾಂತವನ್ನು ಕೊಡುತ್ತೇವೆ. ಬರುವ ಆದಿತ್ಯವಾರದ ಭಾಗವು ಮತ್ತಾಯ 20ನೆಯ ಅಧ್ಯಾಯದ ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯವೆಂದಿಟ್ಟುಕೊಳ್ಳೋಣ.

ಸೋಮವಾರ ಅದನ್ನು ಗಟ್ಟಿಯಾಗಿ ಮೂರು ಸಾರಿ ಓದತಕ್ಕದ್ದು. ಬೇರೆ ಪುಸ್ತಕವನ್ನು ಮುಟ್ಟಬಾರದು. ಮಂಗಳವಾರ ಅದರ ಹಿಂದಿನ ಅಧ್ಯಾಯವನ್ನು ನೋಡಬೇಕು. ಅಲ್ಲಿ ಪೇತ್ರನು, ಎಲ್ಲವನ್ನೂ ಬಿಟ್ಟುಬಂದ ನಮಗೆ ಏನು ದೊರಕುವದೆಂದು ಕೇಳಿದ್ದಾನೆ. ಈ ಸಾಮ್ಯವು ಅವನ ಕಿವಿಗೇ ಹೇಳಲ್ಪಟ್ಟದ್ದೆಂದು ಆಗ ತಿಳಿಯುವದು. ಬುಧವಾರ ಮನೆಗಳ ಭೇಟಿಗೆ ಹೋದಾಗ ಕೂಲಿಮಾಡುವ ಒಬ್ಬಳನ್ನು, "ಅಮ್ಮಾ, ಹೊತ್ತು ಇಳಿದ ಮೇಲೆ ಬಂದವಳಿಗೂ ನಿನಗೂ ದಣಿಯು ಒಂದೇ ಕೂಲಿ ಕೊಟ್ಟರೆ ನಿನ್ನ ಮನಸ್ಸಿಗೆ ಹೇಗಾದೀತು?" ಎಂದು ಕೇಳಬೇಕು. "ಉರಿದೀತು" ಎಂದು ಒಬ್ಬಳು ಹೇಳುವಳು. "ಯಾರೂ ಕರೆಯದೆ ನಿಂತವಳ ಮನೆಯಲ್ಲಿಯೂ ಮಕ್ಕಳುಂಟಲ್ಲಾ" ಎಂದು ಮತ್ತೊಬ್ಬಳು ಹೇಳುವಳು. ಈ ಎರಡು ಮಾತುಗಳಲ್ಲಿ ಪ್ರಸಂಗದ ಅರ್ಧ ಭಾಗವಿರುವದು.

ಗುರುವಾರ, ಹೇಳಬೇಕಾದದ್ದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಉದಾಹರಣೆಗೆ: ಮೊದಲು ಬಂದವರಿಗೆ ಕೃಪೆಯು ಕಡಿಮೆಯಾಗದಿರುವಾಗ, ಕಡೆಗೆ ಬಂದವರನ್ನು ಕಂಡು ಅವರು ಯಾಕೆ ಹೊಟ್ಟೆಕಿಚ್ಚುಪಡಬೇಕು? ಅಜ್ಜನ ಕಾಲದಲ್ಲಿಯೇ ದೀಕ್ಷಾಸ್ನಾನ ಹೊಂದಿದ ಮನೆತನದವರು, ಹೋದ ವರುಷ ಬಂದವರನ್ನು ಬಾಗಿಲ ಬಳಿಯಲ್ಲಿಯೇ ಕೂಡ್ರಿಸುವ ಸಭೆಯಲ್ಲಿ ಈ ವಾಕ್ಯವು ತನ್ನ ದಾರಿಯನ್ನು ತಾನೇ ಕಂಡುಕೊಳ್ಳುವದು. ಒಂದು ವಾಕ್ಯದಲ್ಲಿ ಬರೆಯಲಾಗದ್ದು ಒಂದು ತಾಸಿನಲ್ಲಿಯೂ ಹೇಳಲಾಗದು.

ಶುಕ್ರವಾರ ಆರಾಧನೆಯ ಉಳಿದ ಭಾಗಗಳನ್ನು ಅದಕ್ಕೆ ಹೊಂದಿಸಬೇಕು. ಓದತಕ್ಕವನಿಗೆ ಭಾಗವನ್ನು ಆ ದಿನವೇ ತಿಳಿಸಬೇಕು. ಮನೆಯಲ್ಲಿ ಓದಿ ನೋಡದವನು ಸಭೆಯಲ್ಲಿ ಎಡವುವನು. ಹಾಡುಗಳಲ್ಲಿ ಒಂದಾದರೂ, ಪುಸ್ತಕ ಹಿಡಿಯಲಾರದ ತಾಯಂದಿರಿಗೆ ಬಾಯಿಪಾಠವಾಗಿರುವದು ಆಗಿರಬೇಕು. ಬೇಡಿಕೆಗಳಲ್ಲಿ ಕೆಲಸ ಸಿಕ್ಕದವರ ಹೆಸರುಗಳಿರಬೇಕು. ಶನಿವಾರ ಬರೆದದ್ದನ್ನು ಗಟ್ಟಿಯಾಗಿ ಓದಿ, ಬೇಡವಾದದ್ದನ್ನು ಕಡಿದು, ಮೊಣಕಾಲೂರಿ, "ಕರ್ತನೇ, ಮುಂಜಾನೆಯ ಆಳಿನ ಹಾಗೆ ಗುಣುಗುಟ್ಟುವವನು ನಾನೋ?" ಎಂದು ಕೇಳಿಕೊಳ್ಳಬೇಕು. ಯಾಕಂದರೆ ಇತರರಿಗೆ ಸಾರಿದ ಮೇಲೆ ತಾನೇ ಅಯೋಗ್ಯನಾಗುವ ಭಯವು ಪೌಲನಿಗೂ ಇತ್ತು. ಹೇಳುವದು ಪುರಾಣ ತಿನ್ನುವದು ಬದನೆಕಾಯಿ ಎಂದು ನಮ್ಮ ಜನರು ಸುಮ್ಮನೆ ಹೇಳಲಿಲ್ಲ.

ಇಷ್ಟು ಮಾಡಲು ಕಲಿಕೆ ಸಾಲದವನು ಏನು ಮಾಡಬೇಕು? ಸ್ವಂತವಾಗಿ ರಚಿಸಲಾರದವನು ಬಲ್ಲವನು ರಚಿಸಿದ್ದನ್ನು ಕಲಿತು ಜನರಿಗೆ ಹೇಳಬಹುದೆಂದು ಅಗಸ್ಟಿನನು ಅನುಮತಿಸುತ್ತಾನೆ. ಅಚ್ಚಾದ ಪುಸ್ತಕದಿಂದಾಗಲಿ, ಈಗ ಅನೇಕರ ಕೈಯಲ್ಲಿರುವ ಮೊಬೈಲು ಫೋನಿನಿಂದಾಗಲಿ ತೆಗೆದುಕೊಂಡರೆ ತಪ್ಪಿಲ್ಲ. ಆದರೆ ಇನ್ನೊಬ್ಬನ ಬುತ್ತಿಯನ್ನು ನನ್ನ ಅಡಿಗೆಯೆಂದು ಹೇಳುವದು ಸುಳ್ಳು. ಪಟ್ಟಣದವರಿಗಾಗಿ ಕಟ್ಟಿದ ಬುತ್ತಿಯನ್ನು ಬಿಚ್ಚಿ ನೋಡದೆ ಹಳ್ಳಿಯವರಿಗೆ ಬಡಿಸುವದು ಅಲಕ್ಷ್ಯ.

6. ಕ್ರಮವೂ ಸ್ವಾತಂತ್ರ್ಯವೂ

ಆರಾಧನೆಗೆ ಗೊತ್ತಾದ ಕ್ರಮವಿದ್ದರೆ ಆತ್ಮನು ಕಟ್ಟಲ್ಪಡುವನೆಂದು ಕೆಲವರು ಹೆದರುತ್ತಾರೆ. ಸುಮಾರು 155ರಲ್ಲಿ ಯುಸ್ತೀನನೆಂಬ ರಕ್ತಸಾಕ್ಷಿಯು ರೋಮಿನ ಚಕ್ರವರ್ತಿಯನ್ನು ಉದ್ದೇಶಿಸಿ ಬರೆದ ಪ್ರತಿವಾದದಲ್ಲಿ ಆದಿತ್ಯವಾರದ ಕೂಟವನ್ನು ವರ್ಣಿಸಿದ್ದಾನೆ. ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುವರು, ಅಪೊಸ್ತಲರ ಅಥವಾ ಪ್ರವಾದಿಗಳ ಬರಹಗಳು ಓದಲ್ಪಡುವವು, ನಡಿಸುವವನು ಬುದ್ಧಿಹೇಳುವನು, ಎಲ್ಲರೂ ಎದ್ದು ಪ್ರಾರ್ಥಿಸುವರು, ರೊಟ್ಟಿಯೂ ದ್ರಾಕ್ಷಾರಸವೂ ತರಲ್ಪಡುವವು, ನಡಿಸುವವನು ತನಗೆ ಸಾಧ್ಯವಾದ ಮಟ್ಟಿಗೆ ಸ್ತೋತ್ರಮಾಡುವನು, ಜನರು ಆಮೆನ್ ಅನ್ನುವರು, ಕಾಣಿಕೆಯು ದಿಕ್ಕಿಲ್ಲದವರಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯವರಿಗೂ ಪರಸ್ಥಳದವರಿಗೂ ಹೋಗುವದು. ಇಲ್ಲಿ ಕ್ರಮವು ಗೊತ್ತಾಗಿದೆ, ಮಾತು ಬಿಡುವಾಗಿದೆ. 1947ರ ಸೆಪ್ಟೆಂಬರ್ 27ರಲ್ಲಿ ದಕ್ಷಿಣ ಇಂಡಿಯ ಸಭೆಯು ಐಕ್ಯವಾದಾಗಲೂ, ಪುಸ್ತಕದ ಪ್ರಾರ್ಥನೆಗೆ ಒಗ್ಗಿದವರೂ ಪುಸ್ತಕವಿಲ್ಲದ ಪ್ರಾರ್ಥನೆಗೆ ಒಗ್ಗಿದವರೂ ಒಂದೇ ಮೇಜಿನ ಬಳಿಗೆ ಬಂದರು. ದಂಡೆಯಿದ್ದರೆ ನದಿಯು ಹರಿಯುವದು. ದಂಡೆಯಿಲ್ಲದಿದ್ದರೆ ಅದು ಕೆಸರು.

ಕ್ರಮಕ್ಕೆ ಇನ್ನೊಂದು ಉಪಯೋಗವುಂಟು. ಅದು ಪ್ರಸಂಗಿಯ ಕೋಪಕ್ಕೆ ಕಡಿವಾಣ. ವೇದಭಾಗಗಳನ್ನು ತಿಂಗಳುಗಟ್ಟಲೆ ಮುಂಚಿತವಾಗಿ ಗೊತ್ತುಮಾಡಿದವನು, ನಿನ್ನೆ ತನ್ನೊಂದಿಗೆ ಜಗಳವಾಡಿದವನನ್ನು ಹೊಡೆಯಲು ಈ ದಿನ ಒಂದು ವಚನವನ್ನು ಹುಡುಕಿ ತೆಗೆಯಲಾರನು. ತಪ್ಪುಮಾಡಿದ ಸಹೋದರನ ಬಳಿಗೆ ಒಬ್ಬನೇ ಹೋಗಿ ಹೇಳಬೇಕೆಂದು ಕರ್ತನು ವಿಧಿಸಿರುವಲ್ಲಿ, ಉತ್ತರ ಕೊಡಲಾರದೆ ಕೂತಿರುವವನ ಮೇಲೆ ಪೀಠದಿಂದ ಕಲ್ಲೆಸೆಯುವದು ಹೇಡಿತನ. ವಾಕ್ಯವು ನಮ್ಮ ಕೈಯ ದೊಣ್ಣೆಯಲ್ಲ. ನಾವೇ ಮೊದಲು ಅದರ ಕೆಳಗೆ ತಲೆಬಾಗಬೇಕಾದವರು.

7. ಸಿದ್ಧತೆಯ ಅಪಾಯ

ಸಿದ್ಧತೆಗೂ ತನ್ನದೇ ಆದ ಶೋಧನೆಯುಂಟೆಂಬದನ್ನು ಮರೆಮಾಡಲಾಗದು. ಶ್ರಮಪಟ್ಟು ಬರೆದವನು ಬರೆದದ್ದನ್ನು ಪ್ರೀತಿಸತೊಡಗುವನು. ಶನಿವಾರ ರಾತ್ರಿ ಕೇರಿಯಲ್ಲಿ ಒಂದು ಮಗುವು ತೀರಿಹೋದರೆ, ಮುಂಜಾನೆ ಸುಗ್ಗಿಯ ಸ್ತೋತ್ರದ ಪ್ರಸಂಗವನ್ನು ಇದ್ದ ಹಾಗೆಯೇ ಓದಬಹುದೋ? ಓದಬಾರದು. ಆಗ ಕಾಗದವನ್ನು ಮಡಿಸಿಟ್ಟು, ಅಳುವವರ ಸಂಗಡ ಅಳುತ್ತಾ, ಒಂದು ಕೀರ್ತನೆಯನ್ನು ಓದಿ ಸುಮ್ಮನಿರುವದೇ ಪ್ರಸಂಗ. ಆದರೆ ಯಾವ ಕೀರ್ತನೆಯೆಂದು ಆ ಗಳಿಗೆಯಲ್ಲಿ ತಿಳಿಯುವದು ವರುಷಗಳಿಂದ ಓದಿದವನಿಗೇ. ಬಾಯಾರಿದಾಗ ಬಾವಿ ತೋಡುವವನಿಗೆ ಅದು ಸಿಕ್ಕದು. ಸಿದ್ಧನಾದವನು ಮಾತ್ರ ತನ್ನ ಸಿದ್ಧತೆಯನ್ನು ಬಿಟ್ಟುಕೊಡಬಲ್ಲನು. ಬರಿಗೈಯವನಿಗೆ ಬಿಡುವದಕ್ಕೆ ಏನಿದೆ?

ತ್ರೋವದಲ್ಲಿ ಪೌಲನು ಮಧ್ಯರಾತ್ರಿಯ ವರೆಗೆ ಪ್ರಸಂಗಿಸುತ್ತಿರಲು ಯೂತಿಖನೆಂಬ ಯೌವನಸ್ಥನು ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದ ಸಂಗತಿಯನ್ನು ಎಲ್ಲರೂ ಬಲ್ಲಿರಿ. ಪೌಲನು ಮಾತನ್ನು ನಿಲ್ಲಿಸಿ ಇಳಿದುಬಂದು ಅವನನ್ನು ಅಪ್ಪಿಕೊಂಡನು. ಬಿದ್ದವನ ಬಳಿಗೆ ಇಳಿದುಬರಲೊಲ್ಲದ ಪ್ರಸಂಗವು ಎಷ್ಟು ಚೆನ್ನಾಗಿ ಬರೆಯಲ್ಪಟ್ಟಿದ್ದರೂ ಕ್ರಿಸ್ತನದಲ್ಲ.

8. ಆರಾಧನೆಯಾದ ಮೇಲೆ

ಆಶೀರ್ವಾದವಾದ ಕೂಡಲೇ ಕೆಲಸವು ಮುಗಿಯಿತೆಂದು ನೆನಸಬಾರದು. ಅಪೊಸ್ತಲರು ತಾವು ಮಾಡಿದ್ದನ್ನೂ ಕಲಿಸಿದ್ದನ್ನೂ ಯೇಸುವಿಗೆ ಬಂದು ತಿಳಿಸಿದರೆಂದೂ, ಆತನು ಅವರನ್ನು ಏಕಾಂತಕ್ಕೆ ಕರೆದುಕೊಂಡುಹೋದನೆಂದೂ ಮಾರ್ಕನ 6ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆದಿತ್ಯವಾರ ಸಾಯಂಕಾಲ ಒಂದು ಚಿಕ್ಕ ಪುಸ್ತಕದಲ್ಲಿ ದಿನವನ್ನೂ ಓದಿದ ಭಾಗವನ್ನೂ ಹಾಡುಗಳನ್ನೂ ಬಾರದವರ ಹೆಸರುಗಳನ್ನೂ ಬರೆದಿಟ್ಟು, ಹೀಗೆ ಕೇಳಿಕೊಳ್ಳುವದು ಒಳ್ಳೇದು: ಕಡೆಯ ಸಾಲಿನಲ್ಲಿದ್ದ ಮುದುಕಿಗೆ ಕೇಳಿಸಿತೋ? ಮಕ್ಕಳಿಗೆ ಒಂದು ಮಾತಾದರೂ ತಿಳಿಯಿತೋ? ಹೊಗಳಲ್ಪಟ್ಟದ್ದು ಯಾರ ಹೆಸರು? ಮನಸ್ತಾಪವಿದ್ದ ಇಬ್ಬರು ಒಂದೇ ದಾರಿಯಲ್ಲಿ ಮನೆಗೆ ಹೋದರೋ?

ಕೇಳುವವರಾದ ನೀವೂ "ಪ್ರಸಂಗ ಚೆನ್ನಾಗಿತ್ತು ಅಯ್ಯಾ" ಎಂದು ಕೈಮುಗಿದು ಹೋಗುವದರಿಂದ ಉಪದೇಶಿಗೆ ಉಪಕಾರವಾಗದು. ಬೆರೋಯದವರು ಪೌಲನು ಹೇಳಿದ್ದನ್ನೇ ಶಾಸ್ತ್ರಗಳಲ್ಲಿ ಶೋಧಿಸಿ ನೋಡಿದರು. ಅದಕ್ಕಾಗಿ ಅವರು ಸದ್ಗುಣವುಳ್ಳವರೆಂದು ಹೇಳಲ್ಪಟ್ಟರು. "ಈ ಮಾತು ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿರಿ" ಎಂದು ಕೇಳುವ ಒಬ್ಬ ಹಿರಿಯನು ಹತ್ತು ಹೊಗಳಿಕೆಗಳಿಗಿಂತ ದೊಡ್ಡ ಸಹಾಯಕನು. ನಿಮ್ಮ ಉಪದೇಶಿಗೆ ವಾರದಲ್ಲಿ ಒಂದು ಸಂಜೆಯನ್ನು ಬಿಟ್ಟುಕೊಡಿರಿ. ಆ ಹೊತ್ತಿನಲ್ಲಿ ಅವನನ್ನು ಅರ್ಜಿ ಬರೆಯಲೂ ಜಗಳ ತೀರಿಸಲೂ ಕರೆಯಬೇಡಿರಿ. ಅವನಿಗಾಗಿ ಪ್ರಾರ್ಥಿಸಿರಿ. ಆಗ ಅವನು ತಪ್ಪಿದರೆ ನೀವು ಕೇಳಬಹುದು.

ಪ್ರಿಯರೇ, ಇನ್ನು ಆರು ದಿನಗಳಲ್ಲಿ ಮತ್ತೊಂದು ಆದಿತ್ಯವಾರ ಬರುವದು. ಹೊಲವನ್ನು ಉಳೋಣ, ಬೀಜವನ್ನು ಹಸನುಮಾಡೋಣ. ಮೋಡವು ಕರ್ತನ ಕೈಯಲ್ಲಿದೆ. ಆತನು ನಮ್ಮ ಸೋಮಾರಿತನವನ್ನೂ ನಮ್ಮ ಗರ್ವವನ್ನೂ ಕ್ಷಮಿಸಿ, ಹಸಿದು ಬರುವ ತನ್ನ ಮಂದೆಯು ಬರಿಗೈಯಲ್ಲಿ ಹಿಂದಿರುಗದಂತೆ ಮಾಡಲಿ. ಆಮೆನ್.